ಬಾಲದಷ್ಟು ವ್ಯತ್ಯಾಸ

ಬಾಲ ಹಿಡಿದವನು ನಾನೇ. ಇಲಿ ಓಡಿಹೋಯಿತು, ಅದರ ಬಾಲದ ತೊಗಲು ಮಾತ್ರ ಅರ್ಧಕ್ಕೆ ಹರಿದು, ಒದ್ದೆ ದಾರದ ಹಾಗೆ ನನ್ನ ಬೆರಳ ಸಂದಿನಲ್ಲಿ ಉಳಿಯಿತು. ಎದುರಿಗೆ ಅಡಿಕೋಲು ಹಿಡಿದು ಕೂತಿದ್ದ ವಿಜ್ಞಾನದ ಮೇಷ್ಟ್ರ ಕನ್ನಡಕದ ಮೇಲೆ ಮಂಜು ಹನಿಗಟ್ಟಿತ್ತು. ಅವರು ಅದನ್ನು ಒರೆಸಲೂ ಇಲ್ಲ.

ನಾನು ಶಾಗ್ಯದವನು, ಕೊಳ್ಳೇಗಾಲದ ಹೈಸ್ಕೂಲಿಗೆ ಹೊಸದಾಗಿ ಬಂದ ಡ್ರಿಲ್ ಮೇಷ್ಟ್ರು. ಮೈಯಲ್ಲಿ ಕಸುವು ಕಮ್ಮಿ, ಬಾಯಲ್ಲಿ ಜಾಸ್ತಿ. ಹೆಡ್ ಮೇಷ್ಟ್ರ ಕೆಮ್ಮು, ಜವಾನನ ಆಕಳಿಕೆ, ವಿಸಿಲ್ ಊದಿ ಊದಿ ತಿದಿಯಂತಾದ ನನ್ನದೇ ಕೆನ್ನೆ, ಎಲ್ಲವನ್ನೂ ಅಣಕಿಸಿ ಸ್ಟಾಫ್ ರೂಮು ನಗಿಸುತ್ತಿದ್ದೆ. ವಿಜ್ಞಾನದ ಮೇಷ್ಟ್ರು ನನಗೆ ಸಲೀಸು. ಕತ್ತು ವಾರೆ ಮಾಡಿ, ಜೇಬಿನ ಅಡಿಕೋಲು ಮುಟ್ಟಿಕೊಂಡು, “ಅಳೀದೆ ಮಾತಾಡ್‌ಬ್ಯಾಡ ಕಣ್ಲಾ” ಅಂದರೆ ಮುಗಿಯಿತು.

ಒಂದು ದಿನ ಅವರೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. “ದನಿ ಸರ್ಯಾಗೇ ಅದೆ. ಭಾನುವಾರ ಬಿಡುವಾಗಿದ್ದೀಯಾ? ಬೆಟ್ಟಕ್ಕೆ ಬೋನು ಹೊರಾಕೆ ಒಬ್ಬ ಬೇಕು” ಅಂದರು.

ಬಿಳಿಗಿರಿರಂಗನ ಬೆಟ್ಟದ ನೆತ್ತಿಯ ಹುಲ್ಲಿನಲ್ಲಿ ಒಂದು ಇಲಿ ಇತ್ತು. ಹುಲ್ಲಿನ ಬುಡದಲ್ಲೇ ಸುರಂಗದಂಥ ದಾರಿ ಮಾಡಿಕೊಂಡು ಓಡಾಡುತ್ತಿತ್ತು. ಕೆಳಗಿನ ರಾಗಿ ಹೊಲದ ಇಲಿಯೇ ಮೇಲೆ ಹತ್ತಿತೋ, ಬೆಟ್ಟದ್ದೇ ಬೇರೆ ಜಾತಿಯೋ? ಮೇಷ್ಟ್ರಿಗೆ ಸಾಯುವ ಮುಂಚೆ ಗೊತ್ತಾಗಬೇಕಿದ್ದದ್ದು ಇದೊಂದೇ. ಹಿಮಾಲಯದ ಎತ್ತರದಲ್ಲಿ ವೋಲ್ ಅಂತ ಒಂದು ಪ್ರಾಣಿ ಇದೆಯಂತೆ: ಗಿಡ್ಡ ಬಾಲ, ಕೂದಲಲ್ಲಿ ಮುಚ್ಚಿಹೋದ ಕಿವಿ, ಹುಲ್ಲು ಅರೆಯುವ ಹಲ್ಲು.

“ನಮ್ದು ಅದಲ್ಲ. ಒಂದ್ಸಲ ಸತ್ತದ್ದು ಸಿಕ್ತು, ಹಲ್ಲು ಇಲೀದೇಯ. ಬಾಲ ಇರುವೆ ತಿಂದಿದ್ವು. ಆದ್ರೆ ಬಾಳಾಟ ಅದರಂಗೇ ಕಣ್ಲಾ. ಹೊಲದಿಲಿಗೆ ಮೈಗಿಂತ ಬಾಲ ಉದ್ದ, ಇದಕ್ಕೆ ಗಿಡ್ಡ ಅನ್ನುಸ್ತದೆ. ಅನ್ನುಸ್ತದೆ ಅಂದ್ರೆ ಸಾಲ್ದು.”

ಕೊರಳಲ್ಲಿ ಲಿಂಗ ಕಟ್ಟಿದವರು, ಕೊಲ್ಲುತ್ತಿರಲಿಲ್ಲ. ಬೋನಿಗೆ ಬಿದ್ದದ್ದನ್ನು ಅಳೆದು ಅಲ್ಲೇ ಬಿಡಬೇಕು. ಅವರ ಹೆಂಡತಿ ಬೋನನ್ನು ಹಿತ್ತಲು ದಾಟಿಸುತ್ತಿರಲಿಲ್ಲ. “ಇಲಿ ಮುಟ್ಟಿದ್ ಕೈಲಿ ಪೂಜೆಗೆ ಕೂರ್‌ಬ್ಯಾಡಿ, ಮೊದ್ಲು ಮಿಂದ್ ಬನ್ನಿ” ಎಂದು ಗಂಡನಿಗೆ ಹೇಳಿ, ನನ್ನ ಕಡೆ ತಿರುಗಿ, “ನಿಂಗೂ ಬ್ಯಾರೆ ಕೆಲ್ಸಿಲ್ವಾ?” ಅನ್ನುತ್ತಿದ್ದರು.

ಇರಲಿಲ್ಲ. ಎಷ್ಟೋ ಸಲ ಹೋದೆವು. ಬೋನಿಗೆ ಬಿದ್ದದ್ದು ಬರೀ ಮಂಜು. ಒಳಗಿಡಲು ಹುರಿದು ತಂದ ಕಡಲೇಕಾಯಿ ಬೀಜ ದಾರಿಯಲ್ಲೇ ನನ್ನ ಹೊಟ್ಟೆ ಸೇರುತ್ತಿತ್ತು. “ಇಲಿಗಿಂತ ಮೊದ್ಲು ನೀನೇ ಬೋನಿಗೆ ಬೀಳ್ತೀಯ” ಅನ್ನುತ್ತಿದ್ದರು.

ಆಮೇಲೆ ಅವರ ಎದೆ ಕೈಕೊಟ್ಟಿತು. ಬೆಟ್ಟ ಹತ್ತಕೂಡದೆಂದು ಡಾಕ್ಟರು ಹೇಳಿದರು. ಇದೊಂದೇ ಸಲ ಅಂತ ಯಳಂದೂರಿನಲ್ಲಿ ಫಾರೆಸ್ಟ್ ಲಾರಿ ಹತ್ತಿದೆವು. ಲಾರಿ ನಿಂತಲ್ಲಿಂದ ಕಾಲುದಾರಿ. ಕೂತು ಕೂತು ಬಂದರು. ಸಂಜೆ ಇಟ್ಟ ಬೋನಿನಲ್ಲಿ ಬೆಳಿಗ್ಗೆ ಇಲಿ ಇತ್ತು.

“ಕತ್ತಿನ ಹಿಂದೆ ಹಿಡಿ. ಬಾಲ ಮುಟ್‌ಬ್ಯಾಡ” ಅಂದರು. ನಾನು ಹೆಡ್ ಮೇಷ್ಟ್ರ ದನಿಯಲ್ಲಿ “ಆಗಲಿ, ಆಗಲಿ” ಅನ್ನುತ್ತಾ ಬಾಲಕ್ಕೇ ಕೈ ಹಾಕಿದೆ. ಮಿಕ್ಕಿದ್ದು ಹೇಳಿದೆನಲ್ಲ.

ಬೈಯಲಿಲ್ಲ. ಹರಿದ ತೊಗಲನ್ನು ಅಡಿಕೋಲಿನ ಮೇಲಿಟ್ಟು ನೋಡಿ, “ಮೈಯಿಲ್ದೆ ಬಾಲ ಅಳೆದು ಏನ್ಲಾ ಮಾಡನ?” ಅಂದರು. ಖಾಲಿ ಬೋನಿನ ಬಾಗಿಲು ಹಾಕಿದರು.

ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟರು. ಸುದ್ದಿ ಬಂದಾಗ ಹುಡುಗರಿಗೆ ಕವಾಯತು ಮಾಡಿಸುತ್ತಿದ್ದೆ. ನಿಲ್ಲಿಸಲಿಲ್ಲ. “ಎಡಾ, ಬಲಾ” ಅನ್ನುತ್ತಲೇ ಸಾಲಾಗಿ ಅವರ ಮನೆವರೆಗೂ ನಡೆಸಿಕೊಂಡು ಹೋದೆ. ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ನನಗೆ ಅಳು ಬರಲಿಲ್ಲ. ಕತ್ತು ಯಾವ ಕಡೆ ವಾರೆಯಾಗಿದೆ ಅಂತ ನೋಡುತ್ತಾ ನಿಂತಿದ್ದೆ.

ಹೆಡ್ ಮೇಷ್ಟ್ರು ಬಗ್ಗಿ ಕೈಮುಗಿದು, ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಗೆ ಸಮಾಧಾನ ಹೇಳುವ ಹಾಗೆಯೇ ಅಂದರು: “ಎದೆನೋವಿಟ್ಕಂಡು ಬೆಟ್ಟಕ್ಯಾಕೆ ಓಗ್ಬೇಕಿತ್ತಮ್ಮ ಇವ್ರು? ಎಲ್ಲಾ ಇಲಿನೂ ಒಂದೇ ತಾನೆ?”

ಆಕೆ ಗಂಡನ ಮಂಡಿಯ ಮೇಲಿದ್ದ ಕೈ ತೆಗೆಯಲಿಲ್ಲ.

“ಎಲ್ಲಾ ಮೇಷ್ಟ್ರೂ ಒಂದೇನಾ ಸಾ?”