ಮಳೆಕಾಡಿಗೆ ಹೋದ ಹಂಡೆ

ತಪ್ಪು ನನ್ನದೇ. ಖಾನಾಪುರಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿಯಾಗಿ ಬಂದ ವರ್ಷ, ಕಣಕುಂಬಿಯ ಆಚೆ ಕಾಡಿನ ಆಸ್ಪತ್ರೆಯೊಂದರ ಮೇಲೆ ಸೋಲಾರ್ ಹೀಟರ್ ಕೂರಿಸಿದವಳು ನಾನು. ಬೆಳಗಾವಿ ಬಳಿಯ ಮಚ್ಛೆಯ ಕಾರ್ಖಾನೆಯಲ್ಲಿ ನಾನೇ ನಿಂತು ಅದನ್ನು ಟೆಂಪೋಗೆ ಹೇರಿಸಿದ್ದೆ. ಹೆರಿಗೆ ಕೋಣೆಗೆ ಹೊಸ ಮಂಚ, ಹೊಸ ಟೈಲ್ಸು. ಏಪ್ರಿಲ್ ಬಿಸಿಲಿಗೆ ನಲ್ಲಿನೀರು ಕೈ ಸುಡುತ್ತಿತ್ತು. ನಾನು ಬೀಗಿದ್ದೇ ಬೀಗಿದ್ದು!

ಮಳೆ ಹಿಡಿಯಿತು. ಒಬ್ಬ ಬಸುರಿಯೂ ಬರಲಿಲ್ಲ. ಎಲ್ಲರೂ ಜೀಪು ಹತ್ತಿ, ಆ ಹಾಳು ರಸ್ತೆಯಲ್ಲಿ ಖಾನಾಪುರಕ್ಕೇ ಹೋಗುತ್ತಿದ್ದರು. ಒಬ್ಬಳು ದಾರಿಯಲ್ಲೇ ಹೆತ್ತಳು. ಮೇಲಿನಿಂದ ಕಾಗದ ಬಂತು: ದೀಪಾವಳಿಯೊಳಗೆ ಹೆರಿಗೆ ಶುರುವಾಗದಿದ್ದರೆ ಕೋಣೆಗೆ ಬೀಗ, ನರ್ಸ್ ಬೆಳಗಾವಿಗೆ. ಆ ನರ್ಸ್ ಅದೇ ಊರಿನ ದನಗಾರರ ಮನೆಯ ಮಗಳು. ಅವಳು ಹೋದರೆ ಇನ್ನೊಬ್ಬರು ಅಲ್ಲಿಗೆ ಕಾಲಿಡುವುದಿಲ್ಲ.

ಹೋಗಿ ಅವಳ ಮೇಲೆಯೇ ಹರಿಹಾಯ್ದೆ. "ಮನಿಮನಿಗಿ ಹೋಗಿ ಹೇಳಾಕ ಏನ್ ಧಾಡಿ ನಿನಗ?"

"ಹೇಳೇನ್ರಿ ಮೇಡಂ. ಬಾಣಂತಿಗಿ ಎರಿಯಾಕ ಬಿಸಿನೀರಿಲ್ಲದ ದವಾಖಾನಿಗಿ ಯಾರ ಬರ್ತಾರ್ರಿ? ಇಲ್ಲಿ ಸೂರ್ಯ ಜೂನ್‌ದಾಗ ರಜಾ ಹಾಕಿದ್ರ ಬರೂದು ದಸರಾಕ್ಕನ."

ನಲ್ಲಿ ತಿರುಗಿಸಿದೆ. ಬೆರಳು ಮರಗಟ್ಟಿತು.

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ದೆರಿ. 'ನನಗ ಕಲಿಸಾಕ ಬರಬ್ಯಾಡ' ಅಂದ್ರಿ."

ಅಂದಿದ್ದೆ, ಖರೇ. ನಾಚಿಕೆಯಿಂದ ಮುಖ ಎಲ್ಲಿಡಲಿ ಅನಿಸಿತು. ಊರವರನ್ನು ಕರೆಸಿ, ಅವರ ಎದುರಿಗೇ ಅವಳಿಗೆ "ತಪ್ಪಾತವ್ವಾ" ಅಂದೆ. ಇನ್ನು ಈ ಆಸ್ಪತ್ರೆಯಲ್ಲಿ ಅವಳು ಹೇಳಿದಂತೆಯೇ ಆಗಬೇಕು ಎಂದೂ ಹೇಳಿದೆ.

ಅವಳು ಕೇಳಿದ್ದು ಒಂದು ಹಂಡೆ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯ ವರಾಂಡದಲ್ಲಿ ಅತ್ತೆಯ ತಾಮ್ರದ ಹಂಡೆ ಮನಿಪ್ಲಾಂಟ್ ಹೊತ್ತು ಕೂತಿತ್ತು. ಗಿಡ ಕಿತ್ತು ಬಕೆಟ್ಟಿಗೆ ಹಾಕಿ, ಹಂಡೆಯನ್ನು ಜೀಪಿಗೆ ಏರಿಸಿದೆ. ಅತ್ತೆ ಮುಖ ಗಂಟಿಕ್ಕಿ ನೋಡುತ್ತಿದ್ದರು. ಊರವರು ಹಿತ್ತಲಲ್ಲಿ ಒಲೆ ಕಟ್ಟಿದರು, ಮನೆಗೊಂದು ಹೊರೆ ಕಟ್ಟಿಗೆ ತಂದು ಒಟ್ಟಿದರು.

ಗಣಪತಿ ಹಬ್ಬದ ಮರುವಾರ ನರ್ಸ್ ಫೋನ್ ಮಾಡಿದಳು, ಓಡಿದೆ. ಹೆರಿಗೆ ಬೇನೆ ತಿನ್ನುತ್ತಿದ್ದ ಮೊಮ್ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ, ಒಬ್ಬ ಅಜ್ಜಿ ನೆಟ್ಟಗೆ ಹಿತ್ತಲಿಗೆ ಹೋಗಿ ಹಂಡೆಯಲ್ಲಿ ಬೆರಳದ್ದಿದಳು. "ಹಾಯ್!" ಎಂದು ಕೈ ಕೊಡವಿ ನಕ್ಕಳು. "ಈಗ ಖರೇ ದವಾಖಾನಿ ಆತ್ ನೋಡ್ರಿ ಡಾಕ್ಟರ್ ಬಾಯಾರ."

ಮಧ್ಯಾಹ್ನ ಕೂಸು ಅತ್ತಿತು. ಎಂಥಾ ದನಿ! ವಯಸ್ಸು, ಹುದ್ದೆ ಎಲ್ಲ ಮರೆತು ನರ್ಸನ್ನು ತಬ್ಬಿ ಕುಣಿದೆ. ದೀಪಾವಳಿ ಹೊತ್ತಿಗೆ ಮಂಚ ಖಾಲಿ ಉಳಿಯುತ್ತಿರಲಿಲ್ಲ. ಬೀಗದ ಆದೇಶ ರದ್ದಾಯಿತು. ಜಗಳಾಡಿ ಇನ್ನೊಬ್ಬ ನರ್ಸನ್ನೂ ತಂದೆ. ಅವಳಿಗೆ ಕೆಲಸ ಕಲಿಸುವವಳು ನಮ್ಮ ಹುಡುಗಿಯೇ!

ಮನೆಗೆ ಬಂದು ಅತ್ತೆಗೆ ಅಂಜುತ್ತಲೇ ಹೇಳಿದೆ, "ಹಂಡೆ ಇನ್ನ ತಿರುಗಿ ಬರೂದಿಲ್ರಿ."

ಅತ್ತೆ ಬಕೆಟ್ಟಿನ ಮನಿಪ್ಲಾಂಟಿಗೆ ನೀರು ಹಾಕಿದರು. "ನಿನ್ನ ಗಂಡನ್ನ ಹಡದಾಗ ಅದರಾಗಿನ ನೀರನ ನನಗ ಎರದಿದ್ರು. ಅಲ್ಲೇ ಇರಲಿ," ಎಂದರು.