ಹಿಲ್ಡಿಂಗ್ ಹೆಸರಿನ ಗುಂಡುಗಳು

ಮಾಯ್ವೋರ್ ನೂರ್ಲಿಂಗ್ ಬಗ್ಗೆ ಹೇಳಬೇಕಾದರೆ ಕಾಫಿಯಿಂದಲೇ ಶುರುಮಾಡಬೇಕು. ನಮ್ಮ ಶೂಟಿಂಗ್ ಸಂಘದ ಗಂಡಸರ ಕಣ್ಣಿಗೆ ಅವಳು ಮೂವತ್ತು ವರ್ಷ ಕಾಣಿಸಿದ್ದೇ ಹಾಗೆ. ಭಾನುವಾರ ಬೆಳಿಗ್ಗೆ ಗುಂಡಿನ ಮೈದಾನದ ಪಕ್ಕದ ಮರದ ಗುಡಿಸಲಲ್ಲಿ ಒಲೆ ಹೊತ್ತಿಸುವವಳು ಅವಳು, ಏಲಕ್ಕಿ ಬನ್ನು ತರುವವಳು ಅವಳು, ನಾವು ಬೂಟಿನಲ್ಲಿ ಹೊತ್ತು ತಂದ ಕೆಸರನ್ನು ಗುಡಿಸುವವಳೂ ಅವಳೇ. ವರ್ಷದ ಕೊನೆಗೆ ಅಧ್ಯಕ್ಷರು ಎದ್ದು ನಿಂತು "ಅಡುಗೆಮನೆಗೆ ಧನ್ಯವಾದ" ಅನ್ನುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ, ಅಡುಗೆಮನೆ ಅನ್ನುತ್ತಿದ್ದರು. ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ. ಆ ಮಾತಿಗೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ನಮ್ಮದು ಕಬ್ಬಿಣದ ಕುಲುಮೆಗಳು ಆರಿಹೋದ ಮೇಲೆ ಉಳಿದ ಊರು. ಕಾಡು, ಕೆರೆ, ಮುಚ್ಚಿದ ಕಾರ್ಖಾನೆ, ತೆರೆದಿರುವ ಶೂಟಿಂಗ್ ಸಂಘ. ನಾನು ಬೋರ್ಯೆ. ಇಪ್ಪತ್ತೊಂದು ವರ್ಷ ಆ ಸಂಘದ ಕಾರ್ಯದರ್ಶಿಯಾಗಿದ್ದೆ. ಹಾಜರಿ ಪುಸ್ತಕ ಬರೆಯುವುದು, ಅಂಕಪಟ್ಟಿಗೆ ಸಹಿ ಹಾಕುವುದು, ಕೊನೆಗೆ ಎಲ್ಲರ ಎದುರು ಫಲಿತಾಂಶ ಓದುವುದು ನನ್ನ ಕೆಲಸ. ಒಬ್ಬೊಬ್ಬರ ಹೆಸರು, ಅಂಕ ಓದಿ "ಆಕ್ಷೇಪ?" ಎಂದು ಕೇಳಬೇಕು. ಯಾರೂ ಮಾತಾಡದಿದ್ದರೆ ಅದು ಪುಸ್ತಕಕ್ಕೆ ಹೋಗುತ್ತದೆ. ಪುಸ್ತಕಕ್ಕೆ ಹೋದದ್ದು ಸತ್ಯ, ಹೋಗದ್ದು ನಡೆದೇ ಇಲ್ಲ. ನಮ್ಮವರು ದೇವರನ್ನು ಬಿಟ್ಟು ಎಷ್ಟೋ ಕಾಲವಾಯಿತು, ಆದರೆ ಬರೆದಿಟ್ಟದ್ದನ್ನು ಮಾತ್ರ ಬಿಟ್ಟಿಲ್ಲ.

ಮಾಯ್ವೋರ್‌ಳ ಗಂಡ ಹಿಲ್ಡಿಂಗ್ ಒಂದೊಂದು ಗುಂಡಿಗೂ ಬೋಲ್ಟ್ ಎಂಬ ಕಬ್ಬಿಣದ ಅಗುಳಿ ಎಳೆದು ಹೊಡೆಯುವ, ಸೈನ್ಯದ ಹಳೆಯ ಬಂದೂಕುಗಳನ್ನು ಕೂಡಿಡುತ್ತಿದ್ದ. 1896ರ ಮಾದರಿ, ಎಸ್ಕಿಲ್‌ಸ್ಟೂನಾದ ಬಂದೂಕು ಕಾರ್ಖಾನೆಯಲ್ಲಿ ತಯಾರಾದವು, ಉದ್ದನೆಯ ನಳಿಗೆ, ಅಕ್ರೋಟ್ ಮರದ ಹಿಡಿ. ಸೈನ್ಯಕ್ಕೆ ಬೇಡವಾದಾಗ ನಮ್ಮಂಥ ಸಂಘಗಳಿಗೆ ಬಂದವು. ಹಿಲ್ಡಿಂಗ್ ಹತ್ತಿರ ಹನ್ನೊಂದಿದ್ದವು. ಒಂದೊಂದರ ಬಿಡಿಭಾಗದ ಮೇಲೂ ಒಂದೇ ಅಂಕಿ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದ. ಒಂದು ತಿರುಪುಮೊಳೆಯ ಅಂಕಿ ಬೇರೆಯಾದರೂ ಅವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬಂದೂಕಿನ ಅಂಕಿ ಹೊಂದಬೇಕೆಂದು ಅಷ್ಟು ಒದ್ದಾಡಿದವನು ಮನುಷ್ಯರ ವಿಷಯದಲ್ಲಿ ಏನು ಮಾಡಿದನೆಂಬುದನ್ನು ಮುಂದೆ ಹೇಳುತ್ತೇನೆ.

ಆ ಹನ್ನೊಂದರಲ್ಲಿ ಒಂದು ಮಾಯ್ವೋರ್‌ಳದು. ಕಾಗದದಲ್ಲಿ ಅಲ್ಲ, ಕೈಯಲ್ಲಿ. 1915ರದು, ಅಂಕಿಯ ಕೊನೆ ಎಂಟು-ಒಂದು-ಮೂರು. ಮದುವೆಯಾದ ಹೊಸದರಲ್ಲಿ ಹಿಲ್ಡಿಂಗ್ ಅವಳನ್ನು ಮೈದಾನದಲ್ಲಿ ಮಲಗಿಸಿ ತಮಾಷೆಗೆ ಐದು ಗುಂಡು ಕೊಟ್ಟ. ಐದೂ ಒಂದು ಬನ್ನು ಮುಚ್ಚುವಷ್ಟು ಜಾಗದಲ್ಲಿ ಹೋಗಿ ಕೂತವು. ಆಮೇಲೆ ಅವನು ತಮಾಷೆ ಮಾಡಲಿಲ್ಲ. ನಾವೆಲ್ಲ ಮನೆಗೆ ಹೋದ ಮೇಲೆ, ಕಪ್ಪು ತೊಳೆದಿಟ್ಟು, ಅವನು ಪಕ್ಕದಲ್ಲಿ ನಿಂತಿರುವಾಗ ಅವಳು ಹೊಡೆಯುತ್ತಿದ್ದಳು. ಆ ಬಂದೂಕಿನ ಹಿಡಿಯಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಇದೆ. ನಳಿಗೆ ಎಷ್ಟು ಸವೆದಿದೆ, ಗುಂಡು ಎಷ್ಟು ಮೇಲೆ ಹೋಗುತ್ತದೆ ಎಂಬುದನ್ನು ಸೈನ್ಯದವರು ಅದರ ಮೇಲೆ ಕೊರೆದಿಟ್ಟಿರುತ್ತಾರೆ. ಮಾಯ್ವೋರ್ ಆ ಬಿಲ್ಲೆ ನೋಡಿದವಳಲ್ಲ. ಗುರಿಯ ಕರಿ ವೃತ್ತದ ಕಾಲಬುಡಕ್ಕೆ ಹಿಡಿಯಬೇಕು, ಅಲ್ಲಿಂದ ಅದೇ ಮೇಲಕ್ಕೆ ಹತ್ತುತ್ತದೆ ಅನ್ನುತ್ತಿದ್ದಳು.

ಈಗ ನಮ್ಮ ಸುಳ್ಳಿನ ವಿಷಯ.

ಪ್ರತಿ ವಸಂತದಲ್ಲಿ ಜಿಲ್ಲೆಯ ಸಂಘಗಳ ನಡುವೆ ಹಳೆ ಬಂದೂಕಿನ ಸ್ಪರ್ಧೆ ನಡೆಯುತ್ತದೆ. ಯಾರೂ ಎಲ್ಲಿಗೂ ಹೋಗುವುದಿಲ್ಲ. ಅವರವರ ಮೈದಾನದಲ್ಲಿ ಹೊಡೆದು, ಕಾರ್ಯದರ್ಶಿಯ ಸಹಿ ಹಾಕಿಸಿ, ಅಂಕಪಟ್ಟಿಯನ್ನು ಪೋಸ್ಟಿನಲ್ಲಿ ಕಳಿಸುವುದು. ತಂಡಕ್ಕೆ ಮೂವರು ಬೇಕೇ ಬೇಕು. ನಮ್ಮಲ್ಲಿದ್ದವರು ನಾನು, ಕ್ರಿಸ್ಟೆರ್ ವೆಡೀನ್, ಹಿಲ್ಡಿಂಗ್. ಒಂದು ವರ್ಷ ಹೆಸರು ಕಳಿಸಿಯಾದ ಮೇಲೆ ಹಿಲ್ಡಿಂಗ್‌ಗೆ ಕೈ ನಡುಕ ಶುರುವಾಯಿತು. ಕಾಫಿ ಕಪ್ಪು ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಆಗ ಕ್ರಿಸ್ಟೆರ್, ಹೌದು ಅವನೇ, ಇದನ್ನು ನೆನಪಿಡಿ, ಒಂದು ವರ್ಷಕ್ಕೆ ಮಾಯ್ವೋರ್ ಹೊಡೆಯಲಿ, ಪಟ್ಟಿಯಲ್ಲಿ ಹೇಗೂ ಹಿಲ್ಡಿಂಗ್ ಹೆಸರಿದೆ ಎಂದ. ಅವಳು ಕೈ ಒರೆಸಿಕೊಂಡು ಬಂದು ಮಲಗಿ ಹೊಡೆದಳು. ನೂರಕ್ಕೆ ತೊಂಬತ್ತಾರು. ನಾನು ಸಹಿ ಹಾಕಿದೆ. ಗೆದ್ದವರ ಫಲಕ ನಮಗೆ ಬಂತು, ಅದರ ಮೇಲೆ ಹಿಲ್ಡಿಂಗ್ ಹೆಸರು ಕೆತ್ತಿಸಿದರು.

ಒಂದು ವರ್ಷದ ಮಾತು ಹದಿನೇಳು ವರ್ಷಕ್ಕೆ ಎಳೆಯಿತು. ಈ ಸಲ ಅವಳ ಹೆಸರೇ ಕಳಿಸೋಣ ಎಂದು ಮೊದಮೊದಲು ಯಾರೋ ಅನ್ನುತ್ತಿದ್ದರು. ಹಾಗೆ ಮಾಡಿದರೆ ಹಿಂದಿನದಕ್ಕೆ ಏನು ಹೇಳುವುದು? ಆ ಪ್ರಶ್ನೆ ಬಂದ ಕೂಡಲೇ ಎಲ್ಲರಿಗೂ ಬೂಟಿನ ದಾರ ಕಟ್ಟಿಕೊಳ್ಳುವ ಕೆಲಸ ನೆನಪಾಗುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಡೀ ಸಂಘ ಹದಿನೇಳು ವಸಂತ ಕುಡಿಯಿತು. ಹದಿನೇಳು ಸಲ ನಾನು "ಹಿಲ್ಡಿಂಗ್ ನೂರ್ಲಿಂಗ್" ಎಂದು ಓದಿ, "ಆಕ್ಷೇಪ?" ಎಂದು ಕೇಳಿ, ಒಂದು ಕ್ಷಣ ಕಾದು, ಬರೆದುಕೊಂಡೆ. ಅವಳು ಬಾಗಿಲ ಬಳಿ ಕಾಫಿ ಜಾಡಿ ಹಿಡಿದು ನಿಂತಿರುತ್ತಿದ್ದಳು.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಹಿಲ್ಡಿಂಗ್ ಆ ಗುಂಡುಗಳ ಕಥೆ ಹೇಳತೊಡಗಿದ. ಏಳನೆಯದಕ್ಕೆ ಗಾಳಿ ಎಡದಿಂದ ಬಂತು, ನಾನು ಕೂದಲೆಳೆಯಷ್ಟು ಸರಿಸಿದೆ ಎಂದು ಹೊಸ ಸದಸ್ಯರಿಗೆ ವಿವರಿಸುತ್ತಿದ್ದ. ಮನೆಯಲ್ಲಿ ಅವಳು ಹೇಳಿದ್ದನ್ನೇ ಇಲ್ಲಿ ತನ್ನದೆಂದು ಒಪ್ಪಿಸುತ್ತಿದ್ದ. ಅವನ ಕಪ್ಪಿಗೆ ಕಾಫಿ ಬಗ್ಗಿಸುತ್ತ ಅವಳು ಒಮ್ಮೆ, "ಎಡದಿಂದ ಅಲ್ಲ, ಬಲದಿಂದ," ಅಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಹದಿನೇಳನೆಯ ವಸಂತ ಕಳೆದು, ನವೆಂಬರಿನ ಮೊದಲ ವಾರದಲ್ಲಿ ಹಿಲ್ಡಿಂಗ್ ತೀರಿಕೊಂಡ. ನಮ್ಮ ಕಾನೂನಿನಂತೆ ಸತ್ತವನ ಬಂದೂಕುಗಳಿಗೆ ಒಂದು ವರ್ಷದೊಳಗೆ ಲೈಸೆನ್ಸ್ ಇರುವ ಒಡೆಯ ಸಿಗಬೇಕು, ಇಲ್ಲದಿದ್ದರೆ ಪೊಲೀಸರು ಕರಗಿಸಲು ಕಳಿಸುತ್ತಾರೆ. ಹತ್ತು ಬಂದೂಕುಗಳನ್ನು ಮಾಯ್ವೋರ್ ಸಂಗ್ರಹಕಾರರಿಗೆ ಕೊಟ್ಟುಬಿಟ್ಟಳು, ಮುಖ ಕೂಡ ಸಿಂಡರಿಸಲಿಲ್ಲ. ಎಂಟು-ಒಂದು-ಮೂರು ಮಾತ್ರ ತನಗೆ ಬೇಕು ಅಂದಳು. ಅದಕ್ಕೆ ಅವಳ ಹೆಸರಿಗೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ, ಇವಳು ನಮ್ಮಲ್ಲಿ ನಿಯಮಿತವಾಗಿ ಹೊಡೆಯುವ ಸದಸ್ಯೆ ಎಂಬ ಸಂಘದ ಪತ್ರ ಬೇಕು, ಅಧ್ಯಕ್ಷರ ಸಹಿಯೊಂದಿಗೆ.

ಅಧ್ಯಕ್ಷ ಕ್ರಿಸ್ಟೆರ್.

ಫೆಬ್ರವರಿಯ ವಾರ್ಷಿಕ ಸಭೆಯಲ್ಲಿ ಅವಳು ಕೇಳಿದಳು. ಕ್ರಿಸ್ಟೆರ್ ಹಾಜರಿ ಪುಸ್ತಕ ತೆರೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. ಅಲ್ಲಿ ಏನಿದೆ, ಏನಿಲ್ಲ ಎಂದು ಅವನಿಗೆ ಗೊತ್ತಿಲ್ಲವೆ?

"ನಿನ್ನ ಹೆಸರು ಎಲ್ಲೂ ಇಲ್ವಲ್ಲಮ್ಮ," ಅಂದ. "ಸೆಪ್ಟೆಂಬರಲ್ಲಿ ಹೊಸಬರ ತರಗತಿ ಶುರು ಆಗುತ್ತೆ, ಸೇರ್ಕೋ. ಆರು ತಿಂಗಳು ಹೊಡಿ, ಆಮೇಲೆ ಪತ್ರ ಕೊಡೋಣ."

ಸೆಪ್ಟೆಂಬರಿಗೆ ಆರು ತಿಂಗಳು ಕೂಡಿಸಿದರೆ ಮಾರ್ಚ್. ಗಡುವು ನವೆಂಬರ್. ಈ ಲೆಕ್ಕ ಅವನಿಗೂ ಬರುತ್ತದೆ, ಅವನು ಶಾಲೆಯಲ್ಲಿ ಗಣಿತ ಕಲಿಸಿದವನು. ಎಪ್ಪತ್ತಮೂರು ವರ್ಷದ ಹೆಂಗಸು ಹದಿನೈದರ ಮಕ್ಕಳ ಜೊತೆ ಕೂತು ಬೋಲ್ಟ್ ಎಳೆಯುವುದು ಹೇಗೆಂದು ಕಲಿಯಬೇಕಂತೆ. ಮೇಲೊಂದು ಮಾತು ಸೇರಿಸಿದ: "ಕರಗಿಸೋದು ಪಾಪ ಅಲ್ವಾ, ಅದಕ್ಕಿಂತ ನನ್ನ ಬೀರುವಿನಲ್ಲಿರಲಿ. ನೀನು ಯಾವಾಗ ಬೇಕಾದ್ರೂ ಬಂದು ನೋಡು."

ಹೊಗೆ ಎಲ್ಲಿಂದ ಬರುತ್ತಿದೆ ಎಂದು ಆಗ ತಿಳಿಯಿತು. ಅವನೂ ಹಳೆ ಬಂದೂಕು ಕೂಡಿಡುವವನು, ಎಲ್ಲ ಅಂಕಿ ಹೊಂದುವ 1915ರದು ಅವನ ಸಂಗ್ರಹದಲ್ಲಿ ಇರಲಿಲ್ಲ.

ಮಾಯ್ವೋರ್ ತಿರುಗಿ ನನ್ನನ್ನು ನೋಡಿದಳು. ನಾನು ತಟ್ಟೆಯಲ್ಲಿದ್ದ ಬನ್ನಿನ ಮೇಲಿನ ಸಕ್ಕರೆ ಹರಳು ನೋಡುತ್ತ ಕೂತೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವಳು ಒಲೆಯ ಮೇಲಿದ್ದ ಕಾಫಿ ಜಾಡಿಯನ್ನು ಹೊರಗೆ ಒಯ್ದು ಹಿಮದ ಮೇಲೆ ಪೂರ್ತಿ ಸುರಿದಳು. ಖಾಲಿ ಜಾಡಿ ತಂದು ಹಾಜರಿ ಪುಸ್ತಕದ ಮೇಲಿಟ್ಟು ಹೊರಟುಹೋದಳು. ಅದರ ಬುಡದ ಕಂದು ಬಳೆ ಆ ಪುಟದಲ್ಲಿ ಈಗಲೂ ಇದೆ.

ವಾರದ ನಂತರ ನನ್ನ ಮನೆ ಬಾಗಿಲಿಗೆ ಬಂದಳು. ಬಗಲಲ್ಲಿ ಕಾಗದದ ಸುರುಳಿ. ಒಳಗೆ ಕರೆದರೆ ಬರಲಿಲ್ಲ. ಮೆಟ್ಟಿಲ ಮೇಲೇ ಸುರುಳಿ ಬಿಚ್ಚಿದಳು. ಹದಿನೇಳು ವರ್ಷದ ಸ್ಪರ್ಧೆಯ ಹದಿನೇಳು ಗುರಿಹಾಳೆ, ತೂತುಗಳೊಂದಿಗೆ, ಪ್ರತಿಯೊಂದರ ಹಿಂದೆ ತಾರೀಕು, ಕೆಳಗೆ ಅಂಕ ಎಣಿಸಿ ನಾನು ಹಾಕಿದ ಸಹಿ.

"ಮುಂದೆ ತೂತು ನಂದು, ಕೆಳಗೆ ಸಹಿ ನಿಂದು," ಅಂದಳು. "ನಾನು ಒಂದೇ ಒಂದು ಗುಂಡನ್ನೂ ಸುಳ್ಳು ಹೊಡೆದಿಲ್ಲ, ಬೋರ್ಯೆ. ನೀನು?"

ಹಿಲ್ಡಿಂಗ್ ಮರ್ಯಾದೆ ಹೋಗುತ್ತದಲ್ಲಾ ಎಂದು ನಾನು ಗೊಣಗಿದೆ. ಸತ್ತವನ ನೆಪ ಹೇಳುವುದು ಸುಲಭ.

"ಅವನ ಮರ್ಯಾದೆ ಹದಿನೇಳು ವರ್ಷ ಹೊತ್ತಿದ್ದೀನಿ, ಭುಜ ನೋಯ್ತಾ ಇದೆ. ಸತ್ತೋನನ್ನ ಬಯ್ಯಬಾರದು ಅಂತಾರೆ. ನಾನು ದಿನಾ ಬೆಳಿಗ್ಗೆ ಬಯ್ತೀನಿ. ಆಮೇಲೆ ಅವನ ಗೋರಿಗೆ ಹೋಗಿ ಹೂವಿಗೆ ನೀರು ಹಾಕ್ತೀನಿ. ಅದು ನನ್ನ ಅವನ ವಿಷಯ. ನಿನ್ನ ಸಹಿ ನಿನ್ನ ವಿಷಯ."

ಹಾಳೆಗಳನ್ನು ಅಲ್ಲೇ ಬಿಟ್ಟು ಹೋದಳು. ಮೂರು ದಿನ ಅವು ನನ್ನ ಅಡುಗೆಮನೆ ಮೇಜಿನ ಮೇಲಿದ್ದವು, ನಾನು ಊಟವನ್ನು ಒಲೆಯ ಬಳಿ ನಿಂತೇ ಮಾಡಿದೆ. ನಾಲ್ಕನೆಯ ದಿನ, ಸ್ಪರ್ಧೆ ನಡೆಸುವ ಜಿಲ್ಲಾ ಒಕ್ಕೂಟಕ್ಕೆ ಪತ್ರ ಬರೆದೆ. ಯಾವ ವರ್ಷ, ಎಷ್ಟು ಅಂಕ, ಹೊಡೆದವರು ಯಾರು, ಸಹಿ ಹಾಕಿದ ಸುಳ್ಳುಗಾರ ಯಾರು ಎಂದು ಒಂದೊಂದಾಗಿ. ಅದನ್ನು ಅಂಚೆಪೆಟ್ಟಿಗೆಗೆ ಹಾಕಿದಾಗ ಹಗುರವಾಯಿತೆಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ಹೆದರಿಕೆಯೇ ಆಯಿತು.

ಊರು ಹೊತ್ತಿ ಉರಿಯಿತು. ಒಕ್ಕೂಟದವರು ನಾವು ಗೆದ್ದ ಆರು ವರ್ಷಗಳ ಆರು ಫಲಕ ವಾಪಸು ಕೇಳಿದರು, ಗೋಡೆಯಲ್ಲಿ ಆರು ಬಿಳಿ ಚೌಕ ಉಳಿದವು. ಅಂಗಡಿಯಲ್ಲಿ ಜನ ನನ್ನನ್ನು ಕಂಡರೆ ಹಾಲಿನ ಸಾಲಿನಿಂದ ಬ್ರೆಡ್ಡಿನ ಸಾಲಿಗೆ ಸರಿಯುತ್ತಿದ್ದರು. ಇಷ್ಟು ವರ್ಷ ಗೊತ್ತಿದ್ದವರೆಲ್ಲ ಆಗತಾನೇ ಗೊತ್ತಾದವರ ಮುಖ ಮಾಡಿದರು. ಕ್ರಿಸ್ಟೆರ್ ನನ್ನ ಗೇಟಿನ ಬಳಿ ಕಾರು ನಿಲ್ಲಿಸಿ, "ಉಂಡ ಮನೆಗೆ ಎರಡು ಬಗೆದೆ ಕಣೋ," ಅಂದ. ಬನ್ನು ತಂದವಳು ಅವಳು, ಉಂಡ ಮನೆ ಅವಳದು, ಎರಡು ಬಗೆದವರು ನಾವಿಬ್ಬರೂ ಎಂದು ನಾನು ಅಂದೆ. ಬದುಕಿನಲ್ಲಿ ಸರಿಯಾದ ಹೊತ್ತಿಗೆ ಸರಿಯಾದ ಮಾತು ನನ್ನ ಬಾಯಿಗೆ ಬಂದದ್ದು ಅದೊಂದೇ ಸಲ.

ಒಕ್ಕೂಟದ ತೀರ್ಮಾನ ಜೂನಿನಲ್ಲಿ ಬಂತು. ಮಾಯ್ವೋರ್ ಹೊಡೆದದ್ದು ಅವಳದೇ, ಸಂಘ ಪತ್ರ ಕೊಡಬೇಕು. ಕ್ರಿಸ್ಟೆರ್ ಪೆನ್ನನ್ನು ಎಷ್ಟು ಒತ್ತಿ ಸಹಿ ಹಾಕಿದನೆಂದರೆ ಹಾಳೆ ಹರಿಯಿತು. ಮಾಯ್ವೋರ್ ಅದನ್ನು ಬೆಳಕಿಗೆ ಹಿಡಿದು, "ಇನ್ನೊಂದು ಬರಿ," ಅಂದಳು. ಅವನು ಇನ್ನೊಂದು ಬರೆದ. ಗಡುವಿಗೆ ಹನ್ನೊಂದು ದಿನ ಉಳಿದಿರುವಾಗ ಪೊಲೀಸರಿಂದ ಲೈಸೆನ್ಸ್ ಬಂತು.

ನನ್ನ ಕಾರ್ಯದರ್ಶಿ ಪದವಿ ಹೋಯಿತು, ಹೋಗಬೇಕಾದದ್ದೇ. ಫಲಿತಾಂಶ ಓದುವ ಕೆಲಸ ಮಾತ್ರ ಉಳಿಯಿತು. ಹೊಸ ಕಾರ್ಯದರ್ಶಿಗೆ ಜೋರು ಗಂಟಲಿಲ್ಲ. ಕಾಫಿಯನ್ನೂ ನನ್ನ ತಲೆಗೇ ಕಟ್ಟಿದರು.

ತನ್ನ ಹೆಸರಿನಲ್ಲೇ ಹೊಡೆಯಲು ಅವಳು ಮೊದಲ ಸಲ ಬಂದದ್ದು ಅಕ್ಟೋಬರಿನ ಕೊನೆಯ ಭಾನುವಾರ, ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಹಾಜರಿ ಪುಸ್ತಕದಲ್ಲಿ ಎರಡು ಗೆರೆ ತುಂಬುವಷ್ಟು ದೊಡ್ಡದಾಗಿ ಹೆಸರು ಬರೆದಳು. ನನ್ನ ಕಾಫಿ ಒಂದು ಗುಟುಕು ಕುಡಿದು, "ಪಾತ್ರೆ ತೊಳೆದ ನೀರಾ?" ಎಂದು ಕೇಳಿ ಕಪ್ಪು ಕೆಳಗಿಟ್ಟಳು. ಏಳನೆಯ ಜಾಗದಲ್ಲಿ ಚಾಪೆ ಹಾಸಿ ಮಲಗಿದಳು. ಹತ್ತು ಗುಂಡು, ಒಂದೊಂದರ ನಡುವೆ ಅದೇ ಹಳೆಯ ಅಂತರ, ಬೋಲ್ಟ್ ಎಳೆಯುವ ಅದೇ ಸದ್ದು. ಕ್ರಿಸ್ಟೆರ್ ಸೇರಿ ಹದಿನಾಲ್ಕು ಗಂಡಸರು ಕೈ ಜೇಬಿಗಿಟ್ಟು ನಿಂತು ನೋಡಿದರು.

ಕೊನೆಗೆ ಎಲ್ಲರೂ ಗುಡಿಸಲಲ್ಲಿ ಸೇರಿದೆವು. ಬಂದೂಕು ಮೇಜಿಗೆ ಒರಗಿತ್ತು, ಬೋಲ್ಟ್ ಅವಳ ಕೈಯಲ್ಲಿತ್ತು. ನಾನು ಪಟ್ಟಿ ತೆಗೆದು ಒಬ್ಬೊಬ್ಬರದೇ ಓದುತ್ತ ಹೋದೆ. ಏಳನೆಯ ಸಾಲು ಬಂತು. ಹಾಳೆಯಲ್ಲಿ ಅವಳ ಹೆಸರು ಸ್ಪಷ್ಟವಾಗಿತ್ತು, ಕಣ್ಣು ಅದನ್ನು ಕಂಡಿತು. ಬಾಯಿ ಮಾತ್ರ ಹದಿನೇಳು ವರ್ಷದ ದಾರಿಯಲ್ಲೇ ಹೋಯಿತು.

"ಹಿಲ್ಡಿಂಗ್ ನೂರ್ಲಿಂಗ್, ತೊಂಬತ್ನಾಲ್ಕು. ಆಕ್ಷೇಪ?"

ಯಾರೂ ಮಾತಾಡಲಿಲ್ಲ. ನಾನು ಹೇಳಿದ್ದೇನೆಂದು ನನಗೇ ಹೊಳೆಯುವ ಮೊದಲು, ಮುಂದಿನ ಸಾಲಿಗೆ ನನ್ನ ಬೆರಳು ಸರಿಯುತ್ತಿತ್ತು. ಅವಳು ಬೋಲ್ಟನ್ನು ಮೇಜಿನ ಮೇಲಿಟ್ಟಳು.

"ಇದೆ," ಅಂದಳು.