ನೆಲ ಮುಟ್ಟದ ಬೂಟು

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾವು ಪರ ಮಾತಾಡಬೇಕೋ ವಿರೋಧ ಮಾತಾಡಬೇಕೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಆ ಸಲದ ವಿಷಯ, ಆಟದ ಮೈದಾನದಲ್ಲಿ ಎಲ್ಲರೂ ಸಮಾನರು ಎಂಬುದು. ನನಗೆ ಬಂದದ್ದು ಪರ. ನಂಬದ ಮಾತನ್ನು ಎಷ್ಟು ಚೆನ್ನಾಗಿ ಆಡಿದೆನೆಂದರೆ ಮೊದಲ ಬಹುಮಾನವೇ ಬಂತು. ಆ ದುಡ್ಡಿನಲ್ಲಿ ತಂಗಿಗೆ ಕಬಡ್ಡಿ ಬೂಟು ಕೊಂಡೆ. ಎಲ್ಲರೂ ಸಮಾನರಾಗಿದ್ದರೆ ಬೂಟು ಯಾಕೆ ಬೇಕು ಎಂದು ಎದುರು ತಂಡದವರು ಕೇಳಬಹುದಿತ್ತು. ಪುಣ್ಯಕ್ಕೆ ಕೇಳಲಿಲ್ಲ.

ತಂಗಿ ಇಳಕಲ್ಲಿನ ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವಳು. ಎದುರಾಳಿಗಳ ಕಡೆ ರೈಡ್ ಹೋದಾಗ ಎಡಗಾಲನ್ನು ಮಣ್ಣಿನ ಮೇಲೆ ಜಾರಿಸಿ, ಹೆಬ್ಬೆರಳಿನಿಂದ ಒಬ್ಬಳನ್ನು ಮುಟ್ಟಿ, ಹಿಡಿಯುವಷ್ಟರಲ್ಲಿ ವಾಪಸಾಗುತ್ತಿದ್ದಳು. ಜಿಲ್ಲಾ ತಂಡದ ಆಯ್ಕೆ ಮಾತ್ರ ಬಾಗಲಕೋಟೆಯಲ್ಲಿ, ಮ್ಯಾಟಿನ ಮೇಲೆ. ಬೂಟಿಲ್ಲದವರಿಗೆ ಪ್ರವೇಶವಿಲ್ಲ. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿನ ಬಾಗಿಲು ತೆರೆಯುತ್ತಿತ್ತು: ಊಟ, ಓದು, ತರಬೇತಿ. ಆಗದಿದ್ದರೆ ಪಿಯುಸಿ ಮುಗಿಸಿ ಅವ್ವನ ಪಕ್ಕ ಕೂತು ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನಮ್ಮಲ್ಲಿ ಹೊಸ ಬಟ್ಟೆ ಬಂದರೆ ಅಂಚಿಗೆ ಅರಿಶಿಣ ಹಚ್ಚಿ ಟ್ರಂಕಿನಲ್ಲಿಡುತ್ತಾರೆ. ಮೊದಲ ಸಲ ಉಡುವುದು ಹಬ್ಬಕ್ಕೆ, ಇಲ್ಲವೇ ಮದುವೆಗೆ. ಊರಿಗೆಲ್ಲ ಸೀರೆ ನೇಯುವ ಮನೆಯಲ್ಲಿ ಹೊಸದಕ್ಕೆ ಇರುವ ಮರ್ಯಾದೆ ಅದು. ಅವ್ವ ಬೂಟಿಗೂ ಅದೇ ಮರ್ಯಾದೆ ಮಾಡಿದಳು. ಸೀರೆಗಳ ಪಕ್ಕ ಅದನ್ನಿಡುವುದನ್ನು ಕಂಡು ನಾನು ವಾದಕ್ಕಿಳಿದೆ.

"ಅವ್ವಾ, ಕಾಲಾಗ ಹಾಕೂದನ್ನ ಸೀರಿ ಬಾಜೂಕ ಇಡ್ತೀಯಲ್ಲ?"

"ಇನ್ನೂ ನೆಲ ಮುಟ್ಟಿಲ್ಲ ಅದು. ಸೀರಿಗೇನ ಆಕ್ಕೈತಿ?"

"ಆಕಿ ಹಾಕ್ಕೊಂಡು ಆಡ್ಲಿ ಬಿಡು."

"ಮಣ್ಣಾಗ ಆಡಿದ್ರ ಹೊಸಾದು ಹೊಸಾದಾಗಿ ಉಳೀತೈತೇನ? ಆ ದಿನಾ ನಾಕ ಮಂದ್ಯಾಗ ಹಾಕ್ಕೊಂಡ್ರ ಲಕ್ಷಣ."

ತಂಗಿಯೂ ಅವ್ವನ ಪಕ್ಷ ಸೇರಿದಳು. "ಅಷ್ಟ ಬೆಳ್ಳಗ ಐತಿ ಅಕ್ಕಾ, ಹೊಲಸ ಮಾಡಾಕ ಮನಸ ಬರವಲ್ದು" ಎಂದಳು. ಒಂದರ ಎದುರು ಎರಡು ಮತಗಳಿಂದ ನಾನು ಸೋತೆ. ನಿಜ ಹೇಳಬೇಕೆಂದರೆ, ಹೊಸ ಬೂಟನ್ನು ತುಳಿದು ಹದ ಮಾಡಬೇಕೆಂಬುದು ನನಗೂ ಗೊತ್ತಿರಲಿಲ್ಲ. ನಮ್ಮ ಮನೆಗೆ ಅಂಥ ಬೂಟು ಬಂದದ್ದೇ ಅದು ಮೊದಲು.

ಆಯ್ಕೆಯ ದಿನ ತಂಗಿ ಹುನಗುಂದದ ಮೇಲಿಂದ ಬಸ್ಸಿನಲ್ಲಿ ಬಂದಳು. ಬೂಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳಂತೆ. ಬಾಗಲಕೋಟೆಯಲ್ಲಿ ಓದುತ್ತಿದ್ದ ನಾನು ನವನಗರದ ಒಳಾಂಗಣ ಕ್ರೀಡಾಂಗಣದ ಬಾಗಿಲಲ್ಲೇ ಕಾದಿದ್ದೆ. ಗೋಡೆಗೆ ಒಂದು ದೊಡ್ಡ ಬ್ಯಾನರ್: ಗೆಲ್ಲಲು ಬೇಕಾದದ್ದು ಛಲ ಒಂದೇ. ಅದರ ಕೆಳಗೆ ಬೂಟಿನ ಚಿತ್ರ. ಛಲ ಒಂದೇ ಸಾಕಾಗಿದ್ದರೆ ಆ ಚಿತ್ರಕ್ಕೆ ಅಲ್ಲೇನು ಕೆಲಸ?

ಅಲ್ಲಿ ಅಭ್ಯಾಸ ಮಾಡುವ ನವನಗರದ ಹುಡುಗಿಯರು ಮುಚ್ಚಳದ ಲೋಟಗಳಲ್ಲಿ ಪ್ರೋಟೀನ್ ಪುಡಿ ಅಲುಗಾಡಿಸಿ ಕುಡಿಯುತ್ತಿದ್ದರು. ಮೊಣಕಾಲಿಗೆ ಪಟ್ಟಿ, ತುಂಬಿಕೊಂಡ ತೋಳು, ಎತ್ತರದ ಮೈಕಟ್ಟು. ಅವರ ಪಕ್ಕ ನಿಂತ ತಂಗಿಯನ್ನು ಮೊದಲ ಸಲ ಬೇರೆಯವರ ಕಣ್ಣಿನಿಂದ ನೋಡಿದೆ. ಕಡ್ಡಿಯಂಥ ಮುಂಗೈ, ಒಡೆದ ಹಿಮ್ಮಡಿ. ರೊಟ್ಟಿ, ಕಾಳಿನ ಪಲ್ಯದಲ್ಲಿ ಬೆಳೆದ ಮೈ ಅದು. ಅದರಲ್ಲಿ ಕೊರತೆ ಇದೆಯೆಂದು ಅಲ್ಲಿಯವರೆಗೆ ನಮಗೆ ಅನಿಸಿಯೇ ಇರಲಿಲ್ಲ.

ಮೊದಲ ರೈಡಿನಲ್ಲಿ ಎಡಗಾಲು ಜಾರಿಸಲು ಹೋದಳು. ಬೂಟು ಮ್ಯಾಟನ್ನು ಕಚ್ಚಿ ಹಿಡಿಯಿತು. ಕಾಲು ಅಲ್ಲೇ ನಿಂತಿತು, ಮೈ ಮುಂದೆ ಹೋಯಿತು. ಮುಗ್ಗರಿಸಿದವಳನ್ನು ಮೂವರು ಸಲೀಸಾಗಿ ಹಿಡಿದರು. ಎರಡನೆಯದರಲ್ಲಿ ಕುಂಟುತ್ತಲೇ ಹೋದಳು. ಹೊರಗೆ ಬಂದು ಬೂಟು ಬಿಚ್ಚಿದರೆ ಹಿಮ್ಮಡಿಯ ಮೇಲಿನ ಚರ್ಮ ಸುಲಿದು ಕಾಲುಚೀಲಕ್ಕೆ ಅಂಟಿಕೊಂಡಿತ್ತು.

ಅವಳನ್ನು ಹಿಡಿದವರಲ್ಲೇ ಎತ್ತರದ ಒಬ್ಬಳು ಬಂದು ಪಕ್ಕದಲ್ಲಿ ಕೂತು, ತನ್ನ ಚೀಲದಿಂದ ಪಟ್ಟಿ ತೆಗೆದು ಅಂಟಿಸಿದಳು.

"ಇವತ್ತ ಹಾಕೀಯೇನ? ಹದಿನೈದ ದಿನಾ ಮೊದಲ ತುಳೀಬೇಕವಾ. ಯಾರೂ ಹೇಳ್ಲಿಲ್ಲೇನ?"

"ಹೊಸಾದಿತ್ತು" ಎಂದಳು ತಂಗಿ.

"ನನಗೂ ಮೊದಲಿನ ಜೋಡಿ ಹಿಂಗ ಕಡದಿತ್ತು. ಅಳಬ್ಯಾಡ."

"ಯಾರ ಅಳಾಕತ್ತಾರ?"

ಆಯ್ಕೆಯಾದವರ ಹೆಸರು ಓದಿದಾಗ ತಂಗಿಯದು ಇರಲಿಲ್ಲ. ನಾನು ಕೋಚ್ ಮೇಡಂ ಎದುರು ಹೋಗಿ ನಿಂತೆ.

"ಮೇಡಂ, ನೀವು ಇಕಿ ಆಟ ನೋಡಿದ್ರೋ, ಬೂಟ ನೋಡಿದ್ರೋ?"

"ಆಟಾನ ನೋಡೇನವ್ವ. ಕಾಲು ಭಾಳ ಚಲೋ ಐತಿ. ಆದ್ರ ಮುಂದ ಎಲ್ಲಾ ಕಡೆ ಮ್ಯಾಟ. ಅಲ್ಲಿ ಆಕಿ ಪರವಾಗಿ ಮಾತಾಡಾಕ ನಿನ್ನ ಒಳಗ ಬಿಡೂದಿಲ್ಲ."

"ಹಂಗಾದ್ರ ಇಳಕಲ್ಲಿಗೊಂದು ಮ್ಯಾಟ ಹಾಕಸ್ರಿ."

"ನನ್ನ ಕೈಯಾಗ ಇದ್ದಿದ್ರ ಹಾಕಸ್ತಿದ್ದೆ" ಎಂದರು. ಅದು ಕೊಂಕಾಗಿರಲಿಲ್ಲ. ಅವರ ದನಿಯಲ್ಲಿ ದಣಿವಿತ್ತು. ಇಂಥ ಕಾಲುಗಳನ್ನು ಅವರು ಎಷ್ಟು ಸಲ ವಾಪಸು ಕಳಿಸಿದ್ದರೋ.

ನನ್ನ ಬಳಿ ಇನ್ನೂ ಅಂಶಗಳಿದ್ದವು. ಅಷ್ಟರಲ್ಲಿ ತಂಗಿ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು. "ಮೇಡಂ, ಈ ಮ್ಯಾಟ ಯಾರ ಹಾಸ್ತಾರ್ರಿ?"

"ಹಾಸೂ ಮನಷ್ಯಾ ರವಿವಾರ ಬರೂದಿಲ್ಲ. ಹುಡುಗ್ಯಾರು ಗೊಣಗ್ಯಾಡಕೋತ ಹಾಸ್ತಾರ. ಯಾಕ?"

"ನಾ ಬಂದ ಹಾಸ್ತೇನ್ರಿ. ಕಸಾನೂ ಹೊಡೀತೇನಿ. ಅವರು ಬರೂತನಕ ನನಗ ಆಡಾಕ ಬಿಡ್ರಿ."

ಮೇಡಂ ಅವಳ ಕಾಲು ನೋಡಿ, ಬಾ ಎಂದರು.

ಬಸ್‌ಸ್ಟ್ಯಾಂಡಿನವರೆಗೆ ನಾನು ಜಗಳವಾಡಿದೆ. "ಅವರು ಫೀ ಕೊಟ್ಟ ಒಳಗ ಬರ್ತಾರ, ನೀ ಕಸಬರಗಿ ಹಿಡದ ಒಳಗ ಬರ್ತಿ. ಇದು ನ್ಯಾಯ ಏನ?"

"ನ್ಯಾಯ ಅಲ್ಲ, ಖರೆ. ಆದ್ರ ಮ್ಯಾಟ ಐತಿ ಅಲ್ಲ?"

ಇದಕ್ಕೆ ನನ್ನಲ್ಲಿ ಮರುವಾದವಿತ್ತು, ಈಗಲೂ ಇದೆ. ದುಡಿಮೆ ಕೊಟ್ಟು ಪ್ರವೇಶ ಪಡೆಯುವುದನ್ನು ಅವಕಾಶ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಮುಂದಿನ ವರ್ಷದ ಆಯ್ಕೆಗೆ ನನ್ನ ಮರುವಾದ ಬರುವುದಿಲ್ಲ. ಅವಳ ಕಾಲು ಬರಬೇಕು.

ಆ ರಾತ್ರಿ ಅವ್ವ ಸುಲಿದ ಹಿಮ್ಮಡಿ ನೋಡಿದಳಂತೆ. ಮರುದಿನ ತಾನೇ ಬೂಟು ತಂದು ತಂಗಿಯ ಮುಂದಿಟ್ಟಳಂತೆ: "ಹಾಕ್ಕೊಂಡ ನೀರ ತುಂಬು. ರವಿವಾರದ ಕಂಡಿಕಿ ನಾ ಸುತ್ತತೇನಿ, ಹೋಗು." ಓಣಿಯ ಹೆಂಗಸರು ನಳದ ಹತ್ತಿರ ನಕ್ಕರಂತೆ, ಕಬಡ್ಡಿ ಬೂಟಿನಲ್ಲಿ ಕೊಡ ಹೊರುವವಳನ್ನು ಕಂಡು.

ಮೊದಲ ರವಿವಾರ ಮ್ಯಾಟಿನ ತುಂಡುಗಳ ಅಂಚಿನ ಹಲ್ಲಿಗೆ ಹಲ್ಲು ಕೂಡಿಸಿ ಜೋಡಿಸಲು ನಾನೂ ಕೈಹಾಕಿದೆ. ಹಾಸಿದ್ದಾಯಿತು, ಆದರೆ ಎದುರಿಗೆ ಆಡುವವರೇ ಇಲ್ಲ.

"ನಿಲ್ಲ ಅಕ್ಕಾ."

"ನನಗ ಹಿಡ್ಯಾಕ ಬರೂದಿಲ್ಲ."

"ಅಡ್ಡ ನಿಲ್ಲಾಕಾದ್ರೂ ಬರ್ತೈತಲ್ಲ?"

ನಿಂತೆ. ಅವಳು ಬಂದಳು, ಕಾಲು ಮತ್ತೆ ಸಿಕ್ಕಿಕೊಂಡಿತು, ಬಿದ್ದಳು, ಎದ್ದಳು. ಜಾರಿಸುವ ಬದಲು ಎತ್ತಿ ಇಟ್ಟು ನೋಡಿದಳು. ಬರುತ್ತಿದ್ದಳು, ಮುಟ್ಟುತ್ತಿದ್ದಳು, ಹೋಗುತ್ತಿದ್ದಳು. ಹೊರಗೆ ಸ್ಕೂಟಿಗಳ ಸದ್ದಾಯಿತು. ತಂಗಿ ಬಾಗಿಲ ಕಡೆ ನೋಡಿ, ಮ್ಯಾಟಿನಿಂದ ಇಳಿಯಲು ಹೊರಟಳು.

ಮೊದಲು ಒಳಗೆ ಬಂದವಳು ಆಯ್ಕೆಯ ದಿನ ಪಟ್ಟಿ ಅಂಟಿಸಿದ ಅದೇ ಎತ್ತರದ ಹುಡುಗಿ. ಚೀಲ ಗೋಡೆಗೆ ಇಟ್ಟು ನೇರ ನನ್ನ ಹತ್ತಿರ ಬಂದಳು. "ಅಕ್ಕಾರ, ನೀವು ಸರೀರಿ. ಹಿಂಗ ನಿಂತ್ರ ಆಕಿ ಏನ್ ಕಲೀತಾಳ?"

ನಾನು ಸರಿದೆ. ತಂಗಿ ಉಸಿರು ಹಿಡಿದು ರೈಡ್ ಬಂದಳು, ಎಡಗಾಲು ಎತ್ತಿ ಚಾಚಿದಳು. ಆ ಹುಡುಗಿ ಎರಡೂ ಕೈಯಿಂದ ಕಣಕಾಲು ಹಿಡಿದು ಅವಳನ್ನು ಮಗುಚಿ ಬೀಳಿಸಿದಳು. ಬಿದ್ದಲ್ಲಿಂದಲೇ ತಂಗಿ ತಲೆಯೆತ್ತಿದಳು.

"ಹೆಂಗ ಹಿಡದಿ? ಇನ್ನೊಮ್ಮಿ ಹಿಡಿ, ನೋಡ್ತೇನಿ."